ಕೊನೆಯ ಸಾಲಿಗೆ ತಂಬೂರಿ ಕೇಳಿಸುತ್ತದೆಯೇ?

ಬೆಂಗಳೂರಿನಲ್ಲಿ ಸಂಗೀತ ಕೇಳಲು ಒಳ್ಳೆಯ ಜಾಗ ಯಾವುದು, ಕೆಟ್ಟ ಜಾಗ ಯಾವುದು ಎಂಬುದು ಇವತ್ತಿನ ವಿಷಯ. ಈ ಪ್ರಶ್ನೆ ಎತ್ತಿದ ಕೂಡಲೇ ಮಾತು ಪಾರ್ಕಿಂಗ್, ಕುರ್ಚಿ, ಎ.ಸಿ., ಕ್ಯಾಂಟೀನಿನ ಕಾಫಿ ಇವುಗಳ ಕಡೆಗೆ ಹೊರಳುತ್ತದೆ. ಅವೆಲ್ಲ ಬೇಕಾದವೇ. ಆದರೆ ಅವು ಸಿನಿಮಾ ಮಂದಿರಕ್ಕೂ ಬೇಕು, ಮದುವೆ ಮನೆಗೂ ಬೇಕು. ಸಂಗೀತಕ್ಕೆಂದೇ ಬೇರೆ ಅಳತೆಗೋಲು ಇರಬೇಕಲ್ಲವೇ? ನಾನು ನಿಮ್ಮ ಮುಂದಿಡುವ ಅಳತೆಗೋಲು ಇದು: ಕೊನೆಯ ಸಾಲಿನಲ್ಲಿ ಕೂತವರಿಗೆ ತಂಬೂರಿ ಕೇಳಿಸುತ್ತದೆಯೇ? ಈ ಅಳತೆಯಲ್ಲಿ ನೋಡಿದರೆ ನಮ್ಮ ಊರು ದೊಡ್ಡ ಸೂರುಗಳನ್ನು ಕಟ್ಟಿಕೊಂಡಿತು, ನಿಶ್ಶಬ್ದದ ಕೋಣೆಗಳನ್ನು ಕಟ್ಟಿಕೊಳ್ಳಲಿಲ್ಲ. ನಮ್ಮ ರಾಗಸಂಗೀತಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ ಇನ್ನೂರು ಮುನ್ನೂರು ಜನ ಹಿಡಿಯುವ ಸಣ್ಣ ಸಭಾಂಗಣ ಎಂಬುದು ನನ್ನ ವಾದ.

ತಂಬೂರಿಯೇ ಏಕೆ? ವೇದಿಕೆಯ ಮೇಲಿನ ವಾದ್ಯಗಳಲ್ಲಿ ಅತ್ಯಂತ ಮೆಲುದನಿಯದು ಅದು. ಅದರ ತಂತಿ ಕುದುರೆಯ (ತಂತಿಯನ್ನು ಹೊರುವ ಪಟ್ಟಿಯ) ಅಗಲವಾದ, ಸ್ವಲ್ಪವೇ ಬಾಗಿದ ಮೈಯ ಮೇಲೆ ಹಾದುಹೋಗುತ್ತದೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಒಂದು ಎಳೆ ಇರುತ್ತದೆ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು, ಸತ್ತಂತಿದ್ದ ತಂತಿ ಝೇಂಕರಿಸತೊಡಗುತ್ತದೆ, ಒಂದೇ ಸ್ವರದೊಳಗಿಂದ ಹಲವು ಮೇಲುಸ್ವರಗಳು ಒಂದೊಂದಾಗಿ ಎದ್ದು ಬರುತ್ತವೆ. ಮುಂದೆ ಮಲ್ಲೇಶ್ವರದ ನಿವಾಸಿಯಾದ ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ವೀಣೆ ಮತ್ತು ತಂಬೂರಿಗಳ ಈ ಗುಣವನ್ನು ಕುರಿತೇ ಬರೆದರು. ತಂತಿಯ ಕಂಪನದ ಬಗ್ಗೆ ಯುರೋಪಿನ ವಿಜ್ಞಾನಿಗಳು ಹೇಳಿದ್ದ ನಿಯಮದ ಪ್ರಕಾರ ಹುಟ್ಟಲೇಬಾರದಾದ ಮೇಲುಸ್ವರಗಳು ಈ ಕುದುರೆಯಿಂದಾಗಿ ಹುಟ್ಟುತ್ತವೆ ಎಂದು ತೋರಿಸಿದರು. ಗಾಯಕ ನಿಂತಿರುವ ನೆಲ ಈ ಮೇಲುಸ್ವರಗಳದು. ಗಮಕ ಎಲ್ಲಿಂದ ಹೊರಟಿತು, ಎಲ್ಲಿಗೆ ಬಂದು ಕೂತಿತು ಎಂಬುದು ತಿಳಿಯುವುದು ಆ ನೆಲ ಕಿವಿಗೆ ಬಿದ್ದಾಗ. ತಂಬೂರಿ ಕೇಳಿಸದ ಕಡೆ ವೀಣೆಯ ಕೊನೆಯ ಎಳೆತ, ಮಂದ್ರ ಸ್ಥಾಯಿಯಲ್ಲಿ ಸಣ್ಣಗಾಗುವ ದನಿ, ಖಂಜಿರದ ಗುಂಕಿ ಇವೂ ಕೇಳಿಸುವುದಿಲ್ಲ. ಕೇಳಿಸುವುದು ರಾಗದ ಹೊರರೇಖೆ ಮಾತ್ರ.

ಹಾಗಿದ್ದರೆ ಕೇಳದಂತೆ ಮಾಡುವುದು ಯಾವುದು? ದೂರ ಒಂದು ಕಾರಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದದ ಮಟ್ಟ ಆರು ಡೆಸಿಬೆಲ್ ಇಳಿಯುತ್ತದೆ. ಎರಡನೆಯದು ಫ್ಯಾನು, ಎ.ಸಿ., ರಸ್ತೆಯ ಹಾರ್ನು ಸೇರಿ ಆಗುವ ಗುಂಯ್ ಶಬ್ದ. ಮೂರನೆಯದು ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಉಳಿಯುವ ಅನುರಣನ. ಇದನ್ನು ಮೊದಲು ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಸಭಾಂಗಣವೊಂದರಲ್ಲಿ ಮಾತನಾಡಿದ್ದೇ ತಿಳಿಯುತ್ತಿರಲಿಲ್ಲ. ಹೊರಟ ದನಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಅಲ್ಲೇ ಸುತ್ತುತ್ತಿತ್ತು. ಸಬೈನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ನಿನ ಒಂದು ಕೊಳವೆ ಊದಿ, ದನಿ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ಮೆತ್ತೆ ಹೆಚ್ಚಿದಷ್ಟೂ ಅನುರಣನ ಇಳಿಯಿತು. ಕೂತ ಮನುಷ್ಯನೂ ಮೆತ್ತೆಯ ಹಾಗೆಯೇ ದನಿಯನ್ನು ಹೀರುತ್ತಾನೆ ಎಂಬುದೂ ಗೊತ್ತಾಯಿತು. ಇದು ನಮ್ಮ ಸಭೆಗಳವರು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ. ರಸಿಕರು ಸಭಾಂಗಣದ ಒಳಗೆ ಇರುವವರಷ್ಟೇ ಅಲ್ಲ, ಅವರೂ ಸಭಾಂಗಣದ ಒಂದು ಭಾಗ. ಸಾವಿರ ಸೀಟಿನ ಕಡೆ ನೂರೈವತ್ತು ಜನ ಚೆದುರಿ ಕೂತರೆ ಹಾಡುವವರಿಗೆ ಬೇಸರವಾಗುವುದು ಒಂದು ಮಾತು; ಅಲ್ಲಿನ ಧ್ವನಿಯೂ ಕೆಡುತ್ತದೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಅದೇ ನೂರೈವತ್ತು ಜನ ಇನ್ನೂರು ಸೀಟಿನ ಜಾಗದಲ್ಲಿ ಕೂತರೆ ಸಭೆ ತುಂಬುತ್ತದೆ, ಧ್ವನಿಯೂ ತಿಳಿಯಾಗುತ್ತದೆ.

ಬೆಂಗಳೂರಿನ ಸಂಗೀತ ಎಂದರೆ ಮೊದಲು ಕಣ್ಣಿಗೆ ಬರುವುದು ಚೌಡಯ್ಯ ಸ್ಮಾರಕ ಭವನ. ಕೆ.ಕೆ. ಮೂರ್ತಿಯವರ ಛಲದಿಂದ 1980ರಲ್ಲಿ ಎದ್ದು ನಿಂತ, ಪಿಟೀಲಿನ ಆಕಾರದ ಕಟ್ಟಡ. ಒಬ್ಬ ವಾದ್ಯಗಾರನಿಗೆ ಊರು ಸಲ್ಲಿಸಿದ ಇಷ್ಟು ದೊಡ್ಡ ಗೌರವ ಅಪರೂಪ. ಆ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಆಕಾರ ಪಿಟೀಲಿನದಾದ್ದರಿಂದ ಧ್ವನಿ ಚೆನ್ನಾಗಿರುತ್ತದೆ ಎಂಬ ನಂಬಿಕೆಯನ್ನು ಒಪ್ಪಲಾಗದು. ಪಿಟೀಲಿನ ಒಡಲು ಸುಮಾರು 35 ಸೆಂಟಿಮೀಟರ್ ಉದ್ದ. ಅದರೊಳಗಿನ ಗಾಳಿ ಸೆಕೆಂಡಿಗೆ ಸುಮಾರು 270 ಸಲ ಕಂಪಿಸಿ ದನಿಗೆ ಪುಷ್ಟಿ ಕೊಡುತ್ತದೆ. ಅದೇ ಆಕಾರವನ್ನು ನೂರು ಪಟ್ಟು ಹಿಗ್ಗಿಸಿ. ಕಂಪನ ನೂರು ಪಟ್ಟು ಇಳಿದು ಸೆಕೆಂಡಿಗೆ ಮೂರಕ್ಕೂ ಕಡಿಮೆಯಾಗುತ್ತದೆ. ಮನುಷ್ಯನ ಕಿವಿ ಇಪ್ಪತ್ತರ ಕೆಳಗಿನದನ್ನು ಹಿಡಿಯುವುದೇ ಇಲ್ಲ. ಇನ್ನೊಂದು ವ್ಯತ್ಯಾಸ, ಪಿಟೀಲಿನ ತೆಳು ಹಲಗೆ ನಡುಗಬೇಕು, ಸಭಾಂಗಣದ ಗೋಡೆ ನಡುಗಬಾರದು. ಒಳಗಿನ ಧ್ವನಿಯನ್ನು ತೀರ್ಮಾನಿಸುವುದು ಗೋಡೆಯ ಹೊದಿಕೆ, ಛಾವಣಿಯ ಓರೆ, ಸೀಟಿನ ಬಟ್ಟೆ, ಮೈಕಿನವರ ಕೈಚಳಕ.

ಪಿಟೀಲು ವಿದ್ವಾಂಸ ಚೌಡಯ್ಯನವರು ಕೊನೆಯ ಸಾಲಿನ ಪ್ರಶ್ನೆಯನ್ನು ಹೇಗೆ ಎದುರಿಸಿದರು ಎಂಬುದನ್ನು ನೆನೆಯಬೇಕು. ಅದು ಮೈಕ್ ಇನ್ನೂ ಬಂದಿರದ ಕಾಲ. ದೊಡ್ಡ ಸಭೆಯಲ್ಲಿ ಪಿಟೀಲಿನ ನಾದ ಹಿಂದಿನವರಿಗೆ ಮುಟ್ಟುತ್ತಿಲ್ಲ ಎಂದು ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಕೊನೆಯ ಸಾಲಿನವನ ಚಿಂತೆ ಮಾಡಿದ ಕಲಾವಿದ ಅವರು. ಅವರ ಗುರು ಬಿಡಾರಂ ಕೃಷ್ಣಪ್ಪನವರಂತೂ ಮೈಸೂರಿನಲ್ಲಿ ರಾಮಮಂದಿರವನ್ನೇ ಕಟ್ಟಿಸಿದರು. ಹಾಡುವವನೇ ಹಾಡುವ ಜಾಗವನ್ನೂ ಕಟ್ಟಿದ ಉದಾಹರಣೆ ಅದು. ಇಂಥ ಚಿಂತೆಯಿಂದ ಹುಟ್ಟಿದ ದೊಡ್ಡ ಸಭಾಂಗಣವೂ ಉಂಟು: ಚೌಡಯ್ಯ ಭವನ ಎದ್ದ 1980ರಲ್ಲೇ ಮುಂಬೈಯ ನರಿಮನ್ ಪಾಯಿಂಟಿನಲ್ಲಿ ಟಾಟಾ ಥಿಯೇಟರ್ ಬಾಗಿಲು ತೆರೆಯಿತು. ಅದರ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್, ಧ್ವನಿಶಾಸ್ತ್ರದ ಹೊಣೆ ಸಿರಿಲ್ ಹ್ಯಾರಿಸ್ ಅವರದು. ಸಾವಿರ ಜನರ ಮುಂದೆ ಮೈಕಿಲ್ಲದೆ ಸಿತಾರ್ ಕೇಳಿಸಬೇಕು ಎಂಬಂಥ ಗುರಿಯಿಂದಲೇ ಅದನ್ನು ರೂಪಿಸಿದರು. ಸೀಟುಗಳು ಬೀಸಣಿಗೆಯ ಹಾಗೆ ವೇದಿಕೆಯ ಸುತ್ತ ಹರಡಿಕೊಂಡಿರುವುದರಿಂದ ಯಾರೂ ತೀರ ದೂರ ಉಳಿಯುವುದಿಲ್ಲ. ದೊಡ್ಡ ಸಭಾಂಗಣವೂ ತಂಬೂರಿಯ ಪರೀಕ್ಷೆಗೆ ಸಿದ್ಧವಾಗಬಲ್ಲದು. ಅದಕ್ಕೆ ಆ ಪರೀಕ್ಷೆ ನಕ್ಷೆ ಬರೆಯುವಾಗಲೇ ತಲೆಯಲ್ಲಿರಬೇಕು.

ಇನ್ನು ಅತಿ ಕೆಟ್ಟ ಜಾಗ. ಯಾವುದೇ ಒಂದರ ಹೆಸರು ಹೇಳಬೇಕಿಲ್ಲ, ಅದು ಒಂದು ಜಾತಿಯೇ: ಕಲ್ಯಾಣ ಮಂಟಪ ಮತ್ತು ಕನ್ವೆನ್ಷನ್ ಹಾಲ್. ನೆಲಕ್ಕೆ ನುಣುಪು ಗ್ರಾನೈಟ್, ಎದುರುಬದುರು ಗಾಜು ಮತ್ತು ಗಾರೆಯ ಗೋಡೆ, ಎತ್ತರದ ಸೂರು, ಎಳೆದಾಡಲು ಸುಲಭವಾದ ಪ್ಲಾಸ್ಟಿಕ್ ಕುರ್ಚಿ. ದನಿಯನ್ನು ಹೀರುವ ವಸ್ತು ಒಂದೂ ಇಲ್ಲ. ಮೃದಂಗದ ಒಂದು ಪೆಟ್ಟು ಇನ್ನೂ ಅಡಗುವ ಮೊದಲೇ ಮೂರನೆಯ ಪೆಟ್ಟು ಬಿದ್ದಿರುತ್ತದೆ. ತನಿ ಆವರ್ತನ ಒಂದೇ ಗದ್ದಲವಾಗುತ್ತದೆ. ಅದನ್ನು ಮೀರಲು ಮೈಕಿನವರು ವಾಲ್ಯೂಮ್ ಏರಿಸುತ್ತಾರೆ, ಏರಿಸಿದಷ್ಟೂ ಗೋಡೆಗಳು ಹಿಂದಿರುಗಿಸುತ್ತವೆ. ಆರತಕ್ಷತೆಯ ಕಛೇರಿಯಲ್ಲಿ ಇದರ ಜೊತೆಗೆ ಇನ್ನೊಂದು ಸೇರುತ್ತದೆ. ಕಲಾವಿದರು ಹಾಡುತ್ತಿರುವುದು ಫೋಟೋಗೆ ಸಾಲು ನಿಂತವರ ಬೆನ್ನಿಗೆ. ವರ್ಷಗಟ್ಟಲೆ ಸಾಧನೆ ಮಾಡಿದವರನ್ನು ಕರೆಸಿ, ಸಂಭಾವನೆ ಕೊಟ್ಟು, ಯಾರೂ ಕೇಳದ ಹಾಗೆ ಕೂರಿಸುವುದು ತಪ್ಪು. ಮದುವೆ ಮಾಡುವವರು ಈ ಬಗ್ಗೆ ಯೋಚಿಸಬೇಕು.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಹೀಗಿರುತ್ತದೆ: ಸಣ್ಣ ಸಭಾಂಗಣ ಎಂದರೆ ಕೆಲವೇ ಜನರ ಸಂಗೀತ. ಅರಮನೆಯಿಂದ, ಶ್ರೀಮಂತರ ಮನೆಯ ಹಜಾರದಿಂದ ಸಂಗೀತವನ್ನು ಬೀದಿಗೆ ತಂದದ್ದು ಮೈಕು ಮತ್ತು ಚಪ್ಪರ. ಕೋಟೆ ಹೈಸ್ಕೂಲಿನ ಮೈದಾನವನ್ನು ನೋಡಿ ಎನ್ನುತ್ತಾರೆ. ನೋಡಲೇಬೇಕಾದ ಜಾಗ ಅದು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀರಾಮ ಸೇವಾ ಮಂಡಳಿ ಅಲ್ಲಿ ಚಪ್ಪರ ಹಾಕಿ ನಡೆಸುವ ರಾಮನವಮಿ ಸಂಗೀತೋತ್ಸವದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ, ಭೀಮಸೇನ ಜೋಶಿ ಹಾಡಿದ್ದಾರೆ. ತಂಬೂರಿಯ ಪರೀಕ್ಷೆಯಲ್ಲಿ ಚಪ್ಪರ ಸೋಲುತ್ತದೆ. ಚಾಮರಾಜಪೇಟೆಯ ಬಸ್ಸು ಆಟೋಗಳ ಸದ್ದು ಕಲ್ಯಾಣಿಯ ಆಲಾಪನೆಯೊಳಗೆ ನುಗ್ಗುತ್ತದೆ. ಆದರೂ ಅದನ್ನು ಕೆಟ್ಟ ಜಾಗ ಎನ್ನಲಾರೆ. ಗೋಡೆಯೇ ಇಲ್ಲದ ಕಡೆ ಅನುರಣನದ ಕಾಟವಿಲ್ಲ, ಆದ್ದರಿಂದ ಸಾಹಿತ್ಯ ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕಿಂತ ಮುಖ್ಯ, ತಲೆಮಾರುಗಳಿಂದ ಕೇಳಿ ಕೇಳಿ ಹದಗೊಂಡ ಸಭೆ ಅಲ್ಲಿದೆ. ಚಪ್ಪರದ ಕೊರತೆಯನ್ನು ಕೇಳುವವರೇ ತುಂಬಿಕೊಡುತ್ತಾರೆ. ಹಾಗೆಂದು ಕೊರತೆಯೇ ಗುಣವಾಗುವುದಿಲ್ಲ. ಹಬ್ಬಕ್ಕೆ ಚಪ್ಪರ ಸರಿ. ವರ್ಷದ ಉಳಿದ ದಿನಗಳಿಗೆ ಏನು ಎಂಬುದು ನನ್ನ ಪ್ರಶ್ನೆ. ಸಾವಿರ ಜನರನ್ನು ತಿಂಗಳಿಗೊಮ್ಮೆ ಒಂದು ಸೂರಿನಡಿ ಸೇರಿಸುವುದಕ್ಕಿಂತ, ಐದು ಬಡಾವಣೆಗಳಲ್ಲಿ ಇನ್ನೂರಿನ್ನೂರು ಜನ ಮನೆಯಿಂದ ನಡೆದುಕೊಂಡೇ ಹೋಗುವಂತಿದ್ದರೆ ಸಂಗೀತ ಹೆಚ್ಚು ಜನರದಾಗುತ್ತದೆ. ಯಲಹಂಕದ ವೃದ್ಧರೊಬ್ಬರು ಸಂಜೆಯ ಟ್ರಾಫಿಕ್ಕಿನಲ್ಲಿ ಬಸವನಗುಡಿಗೆ ಬರಲಾರರು.

ಮೈಕಿನ ಮೇಲೆ ನನಗೆ ದ್ವೇಷವಿಲ್ಲ. ಮೃದಂಗದ ಪಕ್ಕ ಕೂತ ವೀಣೆಗೆ ಅದು ನ್ಯಾಯ ಕೊಡಿಸಿದೆ, ಸಣ್ಣ ಕಂಠದವರಿಗೂ ಸೂಕ್ಷ್ಮವಾಗಿ ಹಾಡುವ ಧೈರ್ಯ ಕೊಟ್ಟಿದೆ. ಮೈಕು ಕಿವಿಗೆ ಕನ್ನಡಕದಂತೆ ಇರಲಿ, ಕಣ್ಣಿಗೆ ಬಿಟ್ಟ ಟಾರ್ಚಿನಂತೆ ಆಗದಿರಲಿ. ಬೆಂಗಳೂರಿನಲ್ಲೇ ರೂಪುಗೊಂಡ ಎಲೆಕ್ಟ್ರಾನಿಕ್ ತಂಬೂರಿಯನ್ನು ಮೈಕಿನ ಮುಂದಿಟ್ಟರೆ ನಿಮ್ಮ ಪರೀಕ್ಷೆ ಪಾಸಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ನನ್ನ ಪರೀಕ್ಷೆ ತಂಬೂರಿ ಎಷ್ಟು ಜೋರಾಗಿದೆ ಎಂಬುದಲ್ಲ, ಅದರ ಸುತ್ತ ಎಷ್ಟು ನಿಶ್ಶಬ್ದ ಉಳಿದಿದೆ ಎಂಬುದು.

ಎಲ್ಲ ಸಂಗೀತಕ್ಕೂ ಈ ಅಳತೆ ಹೊಂದುವುದಿಲ್ಲ, ಒಪ್ಪುತ್ತೇನೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ರಾಕ್ ಬ್ಯಾಂಡುಗಳು ಅರಮನೆ ಮೈದಾನದಲ್ಲಿ ನುಡಿಸಿದವು. ಆ ಸಂಗೀತ ಹುಟ್ಟಿದ್ದೇ ಆಂಪ್ಲಿಫೈಯರಿನೊಳಗೆ. ಅದಕ್ಕೆ ಬಯಲು ಬೇಕು, ಸಾವಿರಾರು ಜನರ ಕೂಗು ಬೇಕು. ಆದರೆ ಸ್ಟೇಡಿಯಂ ತುಂಬುವ ಬ್ಯಾಂಡ್ ಕೂಡ ಎಲ್ಲೋ ಐವತ್ತು ಜನರ ಮುಂದೆ ಮೊದಲು ನುಡಿಸಿರಬೇಕು. ಆ ಐವತ್ತು ಜನರ ಜಾಗಕ್ಕೇ ಈ ಊರಿನಲ್ಲಿ ಕಷ್ಟ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಹಲವು ಹೋಟೆಲುಗಳಲ್ಲಿ ಗಿಟಾರ್ ಮೂಲೆ ಸೇರಿತು. ಬೆಂಕಿಯಿಂದ, ನೂಕುನುಗ್ಗಲಿನಿಂದ ಜನರಿಗೆ ರಕ್ಷಣೆ ಬೇಕು, ನೆರೆಮನೆಯವರಿಗೆ ನಿದ್ದೆ ಬೇಕು, ನಿಯಮ ಇರಲೇಬೇಕು. ಆದರೆ ಗಿಟಾರ್ ಹಿಡಿದ ಒಬ್ಬ ಹುಡುಗಿಗೂ ಡಾನ್ಸ್ ಬಾರಿಗೂ ಒಂದೇ ನಿಯಮ ಎಂಬುದು ಸರಿಯಲ್ಲ.

ಕೊನೆಗೆ ದುಡ್ಡಿನ ಮಾತು. ಇನ್ನೂರು ಜನರಿಂದ ಕಲಾವಿದರ ಸಂಭಾವನೆ ಹುಟ್ಟುವುದಿಲ್ಲ ಎನ್ನುತ್ತಾರೆ. ಹೆಸರಾಂತ ಕಲಾವಿದರ ಮಟ್ಟಿಗೆ ಇದು ನಿಜ. ಆದರೆ ದೊಡ್ಡ ಸಭಾಂಗಣದ ಬಾಡಿಗೆ, ಲೈಟು, ಸೌಂಡು, ಬ್ಯಾನರುಗಳಿಗೆ ಹೋಗುವುದನ್ನು ಕಳೆದು ನೋಡಿ. ಪ್ರಾಯೋಜಕರು ಕೊಟ್ಟದ್ದರಲ್ಲಿ ಪಕ್ಕವಾದ್ಯದವರಿಗೆ ಉಳಿಯುವುದು ಎಷ್ಟು? ಹೊಸ ಕಟ್ಟಡ ಕಟ್ಟಿ ಎಂದು ನಾನು ಹೇಳುತ್ತಿಲ್ಲ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜದಂಥ ಸಂಸ್ಥೆಗಳಿವೆ, 1945ರಿಂದ ಬಸವನಗುಡಿಯಲ್ಲಿರುವ ವಿಶ್ವ ಸಂಸ್ಕೃತಿ ಸಂಸ್ಥೆಯಿದೆ. ಅದಕ್ಕೂ ಹೆಚ್ಚಾಗಿ ಪ್ರತಿ ಬಡಾವಣೆಯಲ್ಲೂ ಸಂಜೆ ಆರರ ನಂತರ ಬೀಗ ಬೀಳುವ ಶಾಲೆಯ ಪ್ರಾರ್ಥನಾ ಮಂದಿರ, ಗ್ರಂಥಾಲಯದ ಮೇಲಿನ ಕೋಣೆ, ಸಂಘದ ಭವನಗಳಿವೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಸದ್ದಿಲ್ಲದ ಫ್ಯಾನು ಇದ್ದರೆ ಅರ್ಧ ಕೆಲಸ ಮುಗಿದಂತೆ. ನಿಮ್ಮ ಬಡಾವಣೆಯ ಸಂಘದವರೊಂದಿಗೆ ಮಾತಾಡಿ, ತಿಂಗಳಿಗೊಂದು ಸಂಜೆ ಅಂಥ ಒಂದು ಬಾಗಿಲು ತೆರೆಸಿ. ಮುಂದಿನ ಸಲ ಕಛೇರಿಗೆ ಹೋದಾಗ ಐದು ನಿಮಿಷ ಕೊನೆಯ ಸಾಲಿನಲ್ಲಿ ಕೂತು ಕಿವಿಗೊಡಿ. ತಂಬೂರಿ ಕೇಳಿಸದಿದ್ದರೆ ಕಾರ್ಯದರ್ಶಿಗಳ ಬಳಿ ಹೋಗಿ ಹೇಳಿ.