ಸೂಜಿಗೆ ದಾರ ಪೋಣಿಸುವ ಕೆಲಸ

ನಿಮ್ಮ ಮನೆಯಲ್ಲಿ ಒಂದು ಕೌದಿ ಇದ್ದೇ ಇರಬೇಕು. ಹಾಸಿಗೆಯ ಮೇಲೆ ಇಲ್ಲದಿದ್ದರೆ ಅಟ್ಟದ ಮೇಲಾದರೂ ಇದ್ದೀತು. ಅಟ್ಟವೇ ಇಲ್ಲದ ಮನೆಯಾದರೆ ಮಂಚದ ಕೆಳಗಿನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿದ್ದೀತು. ಅದನ್ನೊಮ್ಮೆ ಹೊರಗೆ ತೆಗೆದು ಬಿಸಿಲಿಗೆ ಹಾಕಿರಿ ಎಂದು ಹೇಳುವದಕ್ಕಾಗಿಯೇ ನಾನು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ಹಾಗೆ ಹೇಳುವ ಅಧಿಕಾರ ನಿನಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಕೌದಿ ಹೊಲಿಯಬಲ್ಲವನಲ್ಲ. ಸೂಜಿಗೆ ದಾರ ಪೋಣಿಸಬಲ್ಲೆ, ಅಷ್ಟೆ. ಅದನ್ನೂ ಕಲಿತದ್ದು ಅರವತ್ತು ದಾಟಿದ ಮೇಲೆ.

ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ 2018ರಲ್ಲಿ ನಿವೃತ್ತನಾದೆ. ನಿವೃತ್ತನಾದ ಗಂಡಸು ಮನೆಯಲ್ಲಿ ಎಂಥ ಉಪದ್ರವದ ವಸ್ತುವೆಂಬದು ಗೃಹಿಣಿಯರಿಗೆ ಮಾತ್ರ ಗೊತ್ತು. ಮೊದಲ ತಿಂಗಳು ಹತ್ತು ಗಂಟೆಯವರೆಗೆ ವೃತ್ತಪತ್ರಿಕೆ ಓದಿದೆ. ಎರಡನೆಯ ತಿಂಗಳು ಅಡಿಗೆಮನೆಯ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಸಾಲುಗೊಳಿಸಿದೆ. ಮೂರನೆಯ ತಿಂಗಳು ರೊಟ್ಟಿಯ ವ್ಯಾಸದ ಬಗ್ಗೆ ಒಂದು ಮಾತು ಆಡಿದೆ. ಅಂದು ನನ್ನಾಕೆ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು, "ನಿಮಗೊಂದು ಕೆಲಸಾ ಹಚ್ಚಬೇಕು ನೋಡ್ರಿ" ಎಂದಳು.

ಆ ಕೆಲಸ ತಾನಾಗಿಯೇ ಬಂತು. ಅವಳ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಯಿತು. ದೂರದ ಗುಡ್ಡದ ಮೇಲಿನ ದನಗಳನ್ನು ಅವಳು ಈಗ ಎಣಿಸಬಲ್ಲಳು. ಆದರೆ ಚಾಳೀಸು ಹಾಕಿಕೊಂಡರೂ ಅಂಗೈಯ ಮೇಲಿನ ಸೂಜಿಯ ಕಣ್ಣು ಅವಳ ಕಣ್ಣಿಗೆ ಸಿಗದು. ಮಗಳು ಬೆಂಗಳೂರಿನಿಂದ ಬಾಣಂತನಕ್ಕೆ ಬರುವವಳಿದ್ದಳು. ಕೂಸಿಗೆ ಕೌದಿ ಬೇಡವೆ? ಅಂಗಡಿಯಲ್ಲಿ ಮೆತ್ತನೆಯ ಕಂಬಳಿಗಳು ಬೇಕಾದಷ್ಟು ಸಿಗುತ್ತವೆ ಎಂದು ಮಗಳು ಹೇಳಿದಳು, ನಾನೂ ಹೇಳಿದೆ. ನನ್ನಾಕೆ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ದಾರದ ಉಂಡೆಯನ್ನೂ ಸೂಜಿಯನ್ನೂ ನನ್ನ ಮುಂದೆ ಇಟ್ಟು, "ಹತ್ತು ಸೂಜಿ ಪೋಣಿಸಿ ಇಡ್ರಿ" ಎಂದು ಅಪ್ಪಣೆ ಮಾಡಿದಳು.

ಕೌದಿಯ ವಿಚಾರ ಬಲ್ಲವರಿಗೆ ಹೇಳಬೇಕಾದದ್ದಿಲ್ಲ. ಬಲ್ಲದವರಿಗಾಗಿ ನಾಲ್ಕು ಮಾತು. ಹಳೆಯ ನೂಲಿನ ಸೀರೆ, ಧೋತರಗಳನ್ನು ಒಗೆದು, ಒಣಗಿಸಿ, ಹರಿದ ಕಡೆ ತೇಪೆ ಕೊಟ್ಟು, ಒಂದರ ಮೇಲೊಂದು ಹಾಸುತ್ತಾರೆ. ಕೂಸಿನ ಕೌದಿಗೆ ಎರಡು ಮೊಳ ಉದ್ದ, ಎರಡು ಮೊಳ ಅಗಲ, ಮೂರು ಪದರು ಸಾಕು. ದೊಡ್ಡವರದಕ್ಕೆ ನಾಲ್ಕು ಮೊಳಕ್ಕೆ ಕಡಿಮೆಯಾಗದು. ಪದರೂ ಹೆಚ್ಚು ಬೇಕು. ಹೊಸ ಬಟ್ಟೆ ಕೆಲಸಕ್ಕೆ ಬಾರದು. ಅದರಲ್ಲಿ ಗಂಜಿ ಇರುತ್ತದೆ, ಸೂಜಿ ಸಲೀಸಾಗಿ ಹೋಗುವದಿಲ್ಲ, ಕೂಸಿನ ಮೈಗೂ ಒರಟು. ಹತ್ತು ವರ್ಷ ಉಟ್ಟು ಒಗೆದ ಸೀರೆಯ ಮೆದುವನ್ನು ಯಾವ ಗಿರಣಿಯೂ ನೇಯಲಾರದು. ಅಂಚಿನಿಂದ ಪ್ರಾರಂಭಿಸಿ, ಬೆರಳಗಲ ಅಂತರ ಬಿಟ್ಟು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವದು ನಮ್ಮ ಮನೆಯ ಪದ್ಧತಿ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಗೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ಮೂಲೆಗಳಲ್ಲಿ ಬಣ್ಣದ ತುಂಡುಗಳನ್ನು ಮಡಿಚಿ ಹೂವು ಕೂಡ್ರಿಸುತ್ತಾರೆ. ಆ ಮೂಲೆಹೂವು ಇಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬತ್ತಲೆಯಂತೆ. ಆ ಕೌದಿಗಳು ಈಗ ಸಮುದ್ರದಾಚೆಯ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗಿವೆ. ನಮ್ಮ ಕೌದಿ ಅಷ್ಟು ದೂರ ಹೋಗಬೇಕಾದದ್ದಿರಲಿಲ್ಲ. ಬೆಂಗಳೂರಿನವರೆಗೆ ಹೋದರೆ ಸಾಕಾಗಿತ್ತು.

ಮೇಲಿನ ಪದರಿಗೆ ಸೀರೆ ಹುಡುಕುವಾಗ ನಮ್ಮಿಬ್ಬರಿಗೂ ಜಗಳವಾಯಿತು. ಅವಳು ಟ್ರಂಕಿನ ತಳದಿಂದ ನನ್ನ ತಾಯಿಯ ಇಳಕಲ್ಲ ಸೀರೆಯನ್ನು ತೆಗೆದಳು. ಕಪ್ಪು ಮೈ, ಕೆಂಪು ಸೆರಗು. ಇಳಕಲ್ಲ ಸೀರೆಯ ಗುಟ್ಟು ನಿಮಗೆ ಗೊತ್ತಿರಬಹುದು: ಮೈಯ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಅವೆರಡನ್ನೂ ಜೋಡಿಸಿದ ಮೇಲೆಯೇ ನೇಯ್ಗೆ ಮುಂದೆ ಸಾಗುವದು. ತಾಯಿ ತೀರಿಕೊಂಡು ಹದಿನೈದು ವರ್ಷಗಳಾಗಿದ್ದವು. ನೆನಪಿಗೆಂದು ಉಳಿದದ್ದು ಆ ಸೀರೆ ಒಂದೇ.

"ಇದಕ್ಕೆ ಕತ್ತರಿ ಹಚ್ಚಬೇಡ" ಎಂದೆ.

"ಟ್ರಂಕಿನಾಗ ಇಟ್ಟರ ನುಸಿ ತಿಂತದ. ಕೂಸಿನ ಮೈಮ್ಯಾಲೆ ಇದ್ದರ ಅತ್ತಿಯವರು ಹೊಚ್ಚಿಕೊಂಡು ಕೂತಂಗ ಆಕ್ಕದ."

"ಅವ್ವ ಸ್ವತಃ ಕಸೂತಿ ಹಾಕಿದ ಸೆರಗು ಇದು."

ನನ್ನಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಹಜವಾಗಿ, ಪಲ್ಯಕ್ಕೆ ಉಪ್ಪು ಹಾಕಿದ್ದೇನೆ ಎಂದು ಹೇಳುವಷ್ಟೇ ಸಹಜವಾಗಿ, "ಅದು ನಾ ಹಾಕಿದ್ದು" ಎಂದಳು.

ನಮ್ಮ ಮದುವೆಯಾದದ್ದು 1983ರಲ್ಲಿ. ಆ ಸೀರೆಯನ್ನು ನನ್ನ ತಾಯಿ ಉಟ್ಟದ್ದನ್ನು ನೂರಾರು ಸಲ ನೋಡಿದ್ದೆ. ನಲವತ್ತು ವರ್ಷ ಆ ಗೋಪುರ, ಆ ತೇರು, ಆ ಆನೆ, ಆ ಗಿಳಿಗಳನ್ನು ತಾಯಿಯ ಕೈಯ ಕೆಲಸವೆಂದೇ ತಿಳಿದಿದ್ದೆ. ಯಾರೂ ಹಾಗೆಂದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದು ಮೊದಲನೆಯ ಸಲ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೇರಿನ ಮಗ್ಗಲಿಗೆ ಒಂದು ತೊಟ್ಟಿಲಿತ್ತು. ಅದರ ಗೆರೆಗಳು ತುಂಡುತುಂಡಾಗಿದ್ದವು; ಒಂದು ಚುಕ್ಕೆ, ಒಂದು ತೆರವು, ಮತ್ತೊಂದು ಚುಕ್ಕೆ.

ಕಸೂತಿಯ ವ್ಯಾಕರಣವನ್ನು ಅಂದು ಅವಳೇ ನನಗೆ ಹೇಳಿಕೊಟ್ಟಳು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ; ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಎಂದು ಒಂದು ಬಿಟ್ಟು ಒಂದು ತುಂಬುತ್ತ ಹೋಗುತ್ತದೆ. ತುದಿ ಮುಟ್ಟಿ ಹಿಂದಿರುಗುವಾಗ, ಹೋಗುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ಬರುತ್ತದೆ. ಹಾಗೆ ಹೋಗಿ ಬಂದರೆ ಮಾತ್ರ ಗೆರೆ ಪೂರ್ತಿಯಾಗುವದು. ಮುಂದೆ ಯಾವದು, ಹಿಂದೆ ಯಾವದು ಎಂದು ತಿಳಿಯದಂತೆ ಎರಡೂ ಮಗ್ಗಲು ಒಂದೇ ಆಗುವದು. ಈ ತೊಟ್ಟಿಲಿನಲ್ಲಿ ಹೋದ ಹೊಲಿಗೆ ಇತ್ತು, ಬಂದ ಹೊಲಿಗೆ ಇರಲಿಲ್ಲ.

"ಇದನ್ಯಾಕ ಬಿಟ್ಟಿ?" ಎಂದು ಕೇಳಿದೆ. ಕೇಳುತ್ತಿರುವಾಗಲೇ ನನಗೆ ಉತ್ತರ ಹೊಳೆಯಿತು.

1985ರಲ್ಲಿ ನಾನು ಶಿಕ್ಷಕರ ತರಬೇತಿಗೆಂದು ಬೆಳಗಾವಿಯಲ್ಲಿದ್ದೆ. ಏಳನೆಯ ತಿಂಗಳಿಗೆ ಹುಟ್ಟಿದ ಗಂಡುಕೂಸು ಒಂದು ರಾತ್ರಿ ಮಾತ್ರ ಬದುಕಿತ್ತು. ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲಲ್ಲಿಯೇ ತಾಯಿ ನನ್ನನ್ನು ತಡೆದು, "ಆಕಿ ಮುಂದ ಆ ಮಾತು ತಗೀಬ್ಯಾಡ, ಮರೀತಾಳ" ಎಂದಿದ್ದರು. ನಾನು ವಿಧೇಯನಾದ ಮಗ. ಆ ಮಾತನ್ನು ಅಂದೂ ತೆಗೆಯಲಿಲ್ಲ; ಮುಂದೆ ನಲವತ್ತು ವರ್ಷ ತೆಗೆಯಲಿಲ್ಲ. ಅವಳು ಮರೆತಿದ್ದಾಳೆಂದೇ ನಂಬಿದ್ದೆ. ನಾನು ಮರೆತಿದ್ದೇನೆಂದು ಅವಳು ನಂಬಿದ್ದಳಂತೆ!

ಅಂದು ಮಧ್ಯಾಹ್ನ ಮಾತಾಡಿದೆವು. ಏನು ಮಾತಾಡಿದೆವೆಂಬದನ್ನು ನಿಮಗೆ ಹೇಳುವದು ಬೇಡ. ಚಹ ಎರಡು ಸಲ ಆರಿತು. ಎರಡು ಸಲವೂ ನಾನೇ ಬಿಸಿ ಮಾಡಿ ತಂದೆ.

ಮರುದಿನ ನಾನೇ ಸೂಚಿಸಿದೆ: "ಆ ತೊಟ್ಟಿಲನ್ನು ಈಗ ಪೂರ್ತಿ ಮಾಡೋಣ. ನಾನು ಎಳೆ ಎಣಿಸಿ ಕೊಡುತ್ತೇನೆ." ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಅದು ಇದ್ದಂಗ ಇರಲಿ. ಅದರ ಮಗ್ಗಲಾಗ ಇನ್ನೊಂದು ಹಾಕೋಣು."

ಹಾಗೆಯೇ ಮಾಡಿದೆವು. ನಾನು ಭೂತಗನ್ನಡಿ ಹಿಡಿದು ಎಳೆ ಎಣಿಸುವದು, ಅವಳು ಸೂಜಿ ಹಾಕುವದು. ಮೂವತ್ತೆರಡು ವರ್ಷ ಚೌಕುಳಿ ಕಾಗದದ ಮೇಲೆ ಬಿಂದು ಗುರುತಿಸುವದನ್ನು ಹುಡುಗರಿಗೆ ಕಲಿಸಿದ ನಾನು ಮೊದಲ ದಿನವೇ ಎರಡು ಸಲ ಎಣಿಕೆ ತಪ್ಪಿದೆ. ಅವಳು ಬೆರಳ ತುದಿಯಿಂದ ಬಟ್ಟೆ ಸವರಿ, "ಐದೆಳಿ ಆತು, ಒಂದು ಬಿಚ್ಚರಿ" ಎಂದಳು. ಭೂತಗನ್ನಡಿಯಲ್ಲಿ ನೋಡಿದರೆ ನಿಜವಾಗಿಯೂ ಐದು! ಹೆಬ್ಬೆರಳಿನಷ್ಟು ದೊಡ್ಡ ತೊಟ್ಟಿಲಿಗೆ ಹನ್ನೊಂದು ದಿನ ಹಿಡಿಯಿತು. ಹೋದ ಹೊಲಿಗೆ, ಬಂದ ಹೊಲಿಗೆ ಎರಡೂ ಸೇರಿ ಅದು ಪೂರ್ತಿಯಾಯಿತು. ಸೆರಗಿಗೆ ಕತ್ತರಿ ಹಚ್ಚಲಿಲ್ಲ. ಮಡಿಚಿ, ಎರಡು ತೊಟ್ಟಿಲುಗಳೂ ನಡುವೆ ಬರುವಂತೆ ಮೇಲಿನ ಪದರಿಗೆ ಇಟ್ಟೆವು. ಕೌದಿಯ ಹೊಲಿಗೆ ಅವುಗಳ ಹತ್ತಿರ ಬಂದಾಗ ಅವಳು ಸೂಜಿಯನ್ನು ಸುತ್ತುಹಾಕಿಸಿ ತಂದಳು.

ಕೈಕಸಬುಗಳ ಮಹತ್ವದ ಮೇಲೆ ದೊಡ್ಡವರು ಬಹಳ ಹೇಳಿದ್ದಾರೆ, ಬಹಳ ಮಾಡಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷಿಣಿಯಾಗಿ ಊರೂರು ತಿರುಗಿ, ಅಳಿಯುತ್ತಿದ್ದ ಕಸಬುಗಳಿಗೆ ಆಸರೆಯಾದರು. ಇಳಕಲ್ಲ ಸೀರೆಗೂ ನಮ್ಮ ಕಸೂತಿಗೂ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಇದೆಲ್ಲ ಆಗಬೇಕಾದದ್ದೇ; ಕಸಬಿನಿಂದ ಹೊಟ್ಟೆ ಹೊರೆಯುವವರಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಸಂತೋಷ. ಆದರೆ ನಾನು ಹೇಳಹೊರಟ ಕೈಕೆಲಸ ಪೇಟೆಗೆ ಹೋಗುವಂಥದಲ್ಲ. ಗಂಡಹೆಂಡಿರು ಒಂದೇ ಚಾಪೆಯ ಮೇಲೆ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆ, ಇಬ್ಬರೂ ಒಂದೇ ಬಟ್ಟೆಯನ್ನು ನೋಡುತ್ತ ಮಾಡುವಂಥದು. ಮುಖಾಮುಖಿ ಕುಳಿತರೆ ಬಾಯಿಗೆ ಬಾರದ ಮಾತುಗಳು ಕೈಗಳು ಕೆಲಸದಲ್ಲಿರುವಾಗ ತಾವಾಗಿ ಬರುತ್ತವೆ. ಇದು ನನಗೆ ಅರವತ್ತಾರನೆಯ ವಯಸ್ಸಿನಲ್ಲಿ ತಿಳಿದದ್ದು. ನಿಮಗೆ ಇನ್ನೂ ಬೇಗ ತಿಳಿಯಲಿ.

ಈಗ ನಮ್ಮ ಮನೆಯಲ್ಲಿ ಸಂಜೆಗೊಂದು ಕೆಲಸವಿರುತ್ತದೆ. ಒಂದು ದಿನ ಹತ್ತಿ ಹಿಂಜಿ ಹೂಬತ್ತಿ ಮಾಡುತ್ತೇವೆ. ನನ್ನವು ಅಂಕುಡೊಂಕು, ಆದರೂ ದೀಪ ಉರಿಯುತ್ತದೆ. ಬೇಸಗೆಯಲ್ಲಿ ಮಣೆಯ ಮೇಲೆ ಶ್ಯಾವಿಗೆ ಹೊಸೆಯುತ್ತಾಳೆ. ಎಳೆ ಹರಿಯದಂತೆ ಹಿಡಿದು ಕೋಲಿನ ಮೇಲೆ ಹಾಕುವದು ನನ್ನ ಪಾಲಿನ ಕೆಲಸ. ಮಳೆ ಹಿಡಿದ ದಿನ ಚುರುಮುರಿಗೆ ಒಗ್ಗರಣೆ ಕಲಸಿ ಗಿರಮಿಟ್ಟು ಮಾಡಿಕೊಂಡು ಪಡಸಾಲೆಯಲ್ಲಿ ಕೂಡುತ್ತೇವೆ. ರೇಡಿಯೋ ತನ್ನಷ್ಟಕ್ಕೆ ಹಾಡುತ್ತಿರುತ್ತದೆ. ಅವಳು ಶೇಂಗಾ ಆರಿಸಿ ನನ್ನ ಕಡೆಗೆ ತಳ್ಳುತ್ತಾಳೆ. ನಾನು ಹಸಿಮೆಣಸಿನಕಾಯಿ ಆರಿಸಿ ಅವಳ ಕಡೆಗೆ ತಳ್ಳುತ್ತೇನೆ. ರೊಟ್ಟಿಯ ವ್ಯಾಸದ ವಿಚಾರ ಆಮೇಲೆ ಎತ್ತಿಲ್ಲ.

ಕೌದಿ ಬೆಂಗಳೂರಿಗೆ ಹೋಯಿತು. ಅದನ್ನು ಹೊಚ್ಚಿಕೊಂಡು ಮಲಗುವವಳಿಗೆ ಈಗ ಹಲ್ಲು ಬರುತ್ತಿವೆ. ಸಿಕ್ಕದ್ದನ್ನೆಲ್ಲ ಬಾಯಿಗೆ ಹಾಕುತ್ತಾಳಂತೆ, ಕೌದಿಯ ಮೂಲೆಯನ್ನೂ ಬಿಟ್ಟಿಲ್ಲವಂತೆ. ಮೊನ್ನೆ ಫೋನಿನಲ್ಲಿ ಮಗಳು ಕೇಳಿದಳು: "ಅಪ್ಪಾ, ಇದರಾಗ ಎರಡು ತೊಟ್ಟಿಲ ಅದಾವಲ್ಲ, ಒಂದ್ಯಾಕ ಅರ್ಧಕ್ಕ ನಿಂತದ?" ನಾನು ನನ್ನಾಕೆಯ ಮುಖ ನೋಡಿದೆ. ಅವಳು ಹೂಂ ಎಂದಳು. ಮಗಳಿಗೆ ಹೇಳಿದೆ. ತನಗೊಬ್ಬ ಅಣ್ಣನಿದ್ದನೆಂಬದು ಅವಳಿಗೆ ಅಂದೇ ತಿಳಿದದ್ದು.

ಆದ್ದರಿಂದ ನಿಮ್ಮ ಮನೆಯ ಕೌದಿಯನ್ನು ಹೊರಗೆ ತೆಗೆಯಿರಿ. ಬಿಸಿಲಿಗೆ ಹಾಕಿರಿ. ಯಾವ ತುಂಡು ಯಾರದು, ಯಾವ ಹೊಲಿಗೆ ಯಾರದು ಎಂದು, ಹೇಳಬಲ್ಲವರು ಮನೆಯಲ್ಲಿರುವಾಗಲೇ ಕೇಳಿರಿ. ಅವರಿಗೆ ಸೂಜಿಯ ಕಣ್ಣು ಕಾಣದಿದ್ದರೆ ದಾರ ಪೋಣಿಸಿ ಕೊಡಿರಿ. ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಹೊಸೆದರೆ ಬೇಗ ಹೋಗುತ್ತದೆ. ನನಗೆ ಈಗ ಒಂದೇ ಏಟಿಗೆ ಬರುತ್ತದೆ.