ಏನಂತ ಕರೀಲಿ?



2021ರ ನವೆಂಬರ್. ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಬಂದ ಜಾನಪದ ಕಲಾವಿದೆ, ಟ್ರಾನ್ಸ್‌ಜೆಂಡರ್ ಮಹಿಳೆ ಮಂಜಮ್ಮ ಜೋಗತಿ, ರಾಷ್ಟ್ರಪತಿಗಳ ಎದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆದರು. ಹುಟ್ಟಿದಾಗ ಮನೆಯವರು ಗಂಡುಮಗು ಎಂದಿದ್ದರು. ಇಂದು ನಾಡಿಗೆಲ್ಲ ಅವರು ಮಂಜಮ್ಮ.

ಪ್ರಶಸ್ತಿ ಬಂದವರಿಗೆ ಗೌರವ ಕೊಡುವುದು ಸುಲಭ ಬಿಡಿ. ಸಿಗ್ನಲ್‌ನಲ್ಲಿ ಕೈಚಾಚುವ, ಆಫೀಸಿಗೆ ಹೊಸದಾಗಿ ಸೇರಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಏನೆನ್ನುತ್ತೇವೆ? ಎದುರಿಗೆ ‘ನೀವು’ ಎಂದು, ಅವರು ಅತ್ತ ಹೋದೊಡನೆ ‘ಅವನು’ ಎಂದು ನಗುವವರಿದ್ದಾರೆ.

ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಅವರ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ಆದರೆ ದಿನನಿತ್ಯ ಮಾತಾಡುವವರು ನಾವು.

ಗೊತ್ತಿಲ್ಲದಿದ್ದರೆ ‘ಅವರು’ ಎಂದರಾಯಿತು, ಎಲ್ಲರಿಗೂ ಹೊಂದುತ್ತದೆ. ಒಡನಾಟ ಇದ್ದರೆ, ‘ನಿಮ್ಮನ್ನ ಏನಂತ ಕರೀಲಿ?’ ಅಂತ ಕೇಳಿಯೇಬಿಡಿ. ಅಕ್ಕ ಅನ್ನಿ ಎಂದರೆ ಅಕ್ಕ ಅನ್ನಿ, ಅವರಿಲ್ಲದ ಕಡೆಯೂ.