ಕಣ್ಣಿನ ಹೂವು ಮತ್ತು ಕಾರ್ನಿಯ ಕಸಿ: ದಂಪತಿಗಳೊಡನೆ ಕೆಲವು ಮಾತು



ಮಾನ್ವಿಯ ಭತ್ತದ ಗದ್ದೆಗಳಲ್ಲಿ ಕೊಯ್ಲಿನ ಕಾಲಕ್ಕೆ ಸುಂಕು ಕಣ್ಣಿಗೆ ಬೀಳುವುದು ನಿಮಗೆ ಹೊಸದಲ್ಲ. ಗೀರಿದ ಕಣ್ಣಿಗೆ ಹರಳೆಣ್ಣೆಯನ್ನೋ ಸೊಪ್ಪಿನ ರಸವನ್ನೋ ಬಿಟ್ಟು ಕಾಯುತ್ತ ಕುಳಿತರೆ ಹುಣ್ಣಾಗಬಹುದು. ಹುಣ್ಣು ಮಾಯ್ದ ಮೇಲೆ ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಉಳಿಯುತ್ತದೆ. ಇದನ್ನೇ ಕಣ್ಣಿನಲ್ಲಿ ಹೂವು ಬಿತ್ತೆನ್ನುತ್ತೇವೆ. ಎಲೆಯಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೂ ಹೀಗಾಗುವುದುಂಟು.

ಹೂವು ಬೇರೆ, ಪೊರೆ ಬೇರೆ. ಪೊರೆ ಬರುವುದು ಒಳಗಿನ ಮಸೂರಕ್ಕೆ. ಹೂವು ಬೀಳುವುದು ಮುಂಭಾಗದ ಕಾರ್ನಿಯಕ್ಕೆ, ಅಂದರೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲಕ್ಕೆ. ಪೊರೆ ತೆಗೆಸಿಕೊಂಡ ನೆರೆಮನೆಯವರು ಬೇಗನೆ ಹೊಲಕ್ಕೆ ಹೋದರೆಂದು ಕಸಿಯಾದವರೂ ಹೋಗಲಾಗದು. ನಾವು ಇಂದು ಹೇಳಬೇಕಾದ ಮುಖ್ಯ ಸಂಗತಿ ಇದೇ.

ಶಸ್ತ್ರಚಿಕಿತ್ಸೆಗೆ ಅಂಜಬೇಕಾಗಿಲ್ಲ. ಇಡೀ ಗುಡ್ಡೆಯನ್ನು ಬದಲಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ಅರಿವಳಿಕೆ ಕೊಟ್ಟು, ಕಲೆಯಾದ ಭಾಗವನ್ನು ಗುಂಡಗೆ ಕತ್ತರಿಸಿ ತೆಗೆದು, ಮೃತರು ದಾನವಿತ್ತ ಕಣ್ಣಿನ ಸ್ವಚ್ಛ ಕಾರ್ನಿಯವನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. 1905ರಲ್ಲಿ ಯೂರೋಪಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮೊದಲ ಬಾರಿಗೆ ಈ ಕಸಿಯಲ್ಲಿ ಯಶಸ್ವಿಯಾದರು. ಅವರ ರೋಗಿಯೂ ಸುಣ್ಣದಿಂದ ಕಣ್ಣು ಸುಟ್ಟುಕೊಂಡ ಒಬ್ಬ ಕೂಲಿಕಾರನೇ.

ಪಟ್ಟಿ ಬಿಚ್ಚಿದೊಡನೆ ಎಲ್ಲವೂ ಸ್ಪಷ್ಟವಾಗಿ ಕಾಣುವುದೆಂದು ನಿರೀಕ್ಷಿಸಬೇಡಿರಿ. ಮೊದಲಿಗೆ ಮಂಜು ಕವಿದಂತಿರುತ್ತದೆ. ನೀರು ಸುರಿಯುತ್ತದೆ, ಒಳಗೇನೋ ಚುಚ್ಚಿದಂತಾಗುತ್ತದೆ. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಆದುದರಿಂದ ಗಾಯ ನಿಧಾನವಾಗಿ ಕೂಡುತ್ತದೆ. ದೃಷ್ಟಿ ನೆಲೆಗೊಳ್ಳಲು ಹಲವು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಕೆಲವು ಹೊಲಿಗೆಗಳು ವರ್ಷಕ್ಕೂ ಮೀರಿ ಇರಬಹುದು. ಕೊನೆಗೆ ಕನ್ನಡಕವೂ ಬೇಕಾದೀತು.

ಅಲ್ಲಿಯವರೆಗೆ ಕಣ್ಣನ್ನು ಉಜ್ಜಬಾರದು. ಮಲಗುವಾಗ ರಕ್ಷಾಕವಚ ಕಟ್ಟಿಕೊಳ್ಳಬೇಕು. ಮೂಟೆಯನ್ನಾಗಲಿ ತುಂಬಿದ ಕೊಡವನ್ನಾಗಲಿ ಎತ್ತುವುದು ವೈದ್ಯರು ಅನುಮತಿಸಿದ ಮೇಲೆಯೇ. ಒಲೆಯ ಹೊಗೆಯಿಂದಲೂ ಧೂಳಿನಿಂದಲೂ ದೂರವಿರಬೇಕು. ರಾಯಚೂರಿನ ಬೇಸಿಗೆಯಲ್ಲಿ ಇದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಈ ಮಾತನ್ನು ಇಬ್ಬರಿಗೂ ಹೇಳುತ್ತಿದ್ದೇವೆ. ಕಸಿ ಪತ್ನಿಯ ಕಣ್ಣಿನದಾದರೆ ಒಲೆಯೂ ನೀರೂ ಪತಿಯ ಪಾಲಿಗೆ ಬರಬೇಕು. ಗಂಡಸಿನ ಕಣ್ಣಿಗೆ ಒಡನೆ ಬಸ್ಸು ಹತ್ತುವ ಮನೆಗಳಲ್ಲಿಯೇ ಹೆಂಗಸಿನ ಕಣ್ಣು ಸುಗ್ಗಿ ಮುಗಿಯಲೆಂದು ಕಾಯುವುದುಂಟು. ಇದು ಸಲ್ಲದು.

ಕಣ್ಣಿನ ಹನಿಗಳನ್ನು ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ. ಕೈ ತೊಳೆದುಕೊಂಡು, ಸೀಸೆಯ ತುದಿ ರೆಪ್ಪೆಗೆ ತಾಗದಂತೆ ಹಾಕಿರಿ. ಕಣ್ಣು ಚೆನ್ನಾಗಿದೆಯೆಂದು ನೀವಾಗಿಯೇ ನಿಲ್ಲಿಸಬೇಡಿರಿ. ಪರರ ಅಂಗವನ್ನು ದೇಹವು ಹೊರದೂಡಲೆತ್ನಿಸುವುದುಂಟು. ವರ್ಷಗಳ ನಂತರವೂ ಹಾಗಾದೀತು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಸಹಿಸದಾದರೆ, ದೃಷ್ಟಿ ಮಸುಕಾದರೆ ಅಂದೇ ಹೊರಡಬೇಕು. ಬೇಗ ಬಂದವರ ಕಸಿಯನ್ನು ಬಹುಮಟ್ಟಿಗೆ ಉಳಿಸಬಹುದು. ಸಂತೆಯ ದಿನಕ್ಕೆಂದು ಕಾದರೆ ಕಳೆದುಹೋದೀತು.

ದಾನಿಗಳಿಲ್ಲದೆ ಕಸಿಯಿಲ್ಲ. ಮರಣದ ನಂತರ ಸುಮಾರು 6 ಗಂಟೆಗಳೊಳಗೆ ಕಣ್ಣು ತೆಗೆಯಬೇಕು; ಮುಖವು ವಿಕಾರವಾಗುವುದಿಲ್ಲ. 2021ರಲ್ಲಿ ನಟ ಪುನೀತ್ ರಾಜಕುಮಾರ್ ಅವರ ಕಾರ್ನಿಯಗಳನ್ನು ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು.

ಹೂವು ಬಿದ್ದ ಕಣ್ಣುಳ್ಳವರು ದೇವದುರ್ಗ ಇಲ್ಲವೆ ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿರಿ. ಕಸಿಗೆ ಎಲ್ಲಿಗೆ ಹೋಗಬೇಕೆಂಬುದನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಯ ನೇತ್ರವಿಭಾಗದಲ್ಲಿ ವಿಚಾರಿಸಬಹುದು. ಹೊರಡುವಾಗ ಹಳೆಯ ಚೀಟಿಗಳನ್ನೂ ಔಷಧದ ಸೀಸೆಗಳನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಿದ್ದರೆ ಇಬ್ಬರೂ ಹೋಗಿರಿ.